ಸೋಲಿಗೆ ಓಟದ ಶಿಕ್ಷೆ ಬೇಡ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಫುಟ್‌ಬಾಲ್ ಆಟಗಾರರು, ಕೋಚ್‌ಗಳು, ಪಿ.ಟಿ. ಮೇಷ್ಟ್ರುಗಳು ಮತ್ತು ಪೋಷಕರಲ್ಲಿ ಮನವಿ



ಸೀಸನ್ನಿನ ಮೊದಲ ಎರಡು ಮೂರು ಪಂದ್ಯ ಸೋತ ತಂಡದಲ್ಲಿ ಮರುದಿನ ಬೆಳಿಗ್ಗೆ ಏನು ನಡೆಯುತ್ತದೆಂದು ಮೈದಾನಕ್ಕೆ ಹೋಗುವವರಿಗೆಲ್ಲ ಗೊತ್ತು. ಚೆಂಡು ಚೀಲದಿಂದ ಹೊರಗೇ ಬರುವುದಿಲ್ಲ. ಹತ್ತು ರೌಂಡಿನ ಓಟ ಇಪ್ಪತ್ತಾಗುತ್ತದೆ, ಅದರ ಮೇಲೆ ಬಸ್ಕಿ. ಹುಡುಗರು ಒಳಗೊಳಗೇ ಕುದಿಯುತ್ತಾರೆ. ಒಬ್ಬ ಕಾಲುನೋವೆಂದು ಪಕ್ಕಕ್ಕೆ ಕೂರುತ್ತಾನೆ, ಇನ್ನೊಬ್ಬ ಬರುವುದನ್ನೇ ಬಿಡುತ್ತಾನೆ. ಇವರಿಗೆ ಮೈ ಬಗ್ಗುವುದಿಲ್ಲ ಎಂದು ಕೋಚ್ ಸಿಟ್ಟಾಗುತ್ತಾರೆ. ಮುಂದಿನ ಪಂದ್ಯಕ್ಕೆ ಹನ್ನೊಂದು ಜನ ಹೊಂದಿಸುವುದೇ ಕಷ್ಟವಾಗುತ್ತದೆ.

ಕಠಿಣ ಅಭ್ಯಾಸ ಬೇಡವೆಂದು ನಾವು ಹೇಳುತ್ತಿಲ್ಲ. ಬೆವರು ಹರಿಸದೆ ಯಾರೂ ಆಟಗಾರರಾಗಿಲ್ಲ. ನಾವು ಹೇಳುವುದು ಇಷ್ಟೇ: ಸೋತದ್ದಕ್ಕೆ ಓಡಿಸುವುದು ಅಭ್ಯಾಸವಲ್ಲ, ದಂಡನೆ. ದಂಡನೆಯಿಂದ ತಂಡ ಗೆಲ್ಲುವುದಿಲ್ಲ, ಒಡೆಯುತ್ತದೆ.

ಸೋತ ಪಂದ್ಯವನ್ನು ಒಮ್ಮೆ ನೆನಪಿಸಿಕೊಳ್ಳಿ. ಕಾರ್ನರ್ ಕಿಕ್ ಬಂದಾಗ ಎದುರಾಳಿಯನ್ನು ಯಾರು ಕಾಯಬೇಕೆಂಬುದು ಡಿಫೆಂಡರ್‌ಗಳಿಗೆ ತಿಳಿದಿರಲಿಲ್ಲ. ಗೋಲ್‌ಕೀಪರ್ ಕೂಗಿದ್ದು ಯಾರಿಗೂ ಕೇಳಲಿಲ್ಲ. ಮಧ್ಯದಲ್ಲಿ ಕೊಟ್ಟ ಪಾಸ್ ನೇರ ಎದುರಾಳಿಯ ಕಾಲಿಗೆ ಹೋಯಿತು. ಇವನ್ನೆಲ್ಲ ಚೆಂಡಿಟ್ಟುಕೊಂಡೇ ತಿದ್ದಬೇಕು. ಇಪ್ಪತ್ತು ರೌಂಡಿನಿಂದ ಒಂದು ಪಾಸ್ ಕೂಡ ಸರಿಹೋಗುವುದಿಲ್ಲ.

ದೇಹಕ್ಕೂ ತನ್ನದೇ ಲೆಕ್ಕವಿದೆ. ವೃತ್ತಿಪರ ಆಟಗಾರ ಒಂದು ಪಂದ್ಯದಲ್ಲಿ ಸುಮಾರು 10 ಕಿಲೋಮೀಟರ್ ಓಡುತ್ತಾನೆ. ಅಷ್ಟು ಓಡಿದ ಮೇಲೆ ಸ್ನಾಯುಗಳಲ್ಲಿ ಖಾಲಿಯಾದ ಶಕ್ತಿ ಮತ್ತೆ ತುಂಬಲು ಎರಡು ಮೂರು ದಿನ ಹಿಡಿಯುತ್ತದೆ. ಅಭ್ಯಾಸದಲ್ಲಿ ದಣಿದ ಸ್ನಾಯು ಬಲವಾಗುವುದು ವಿಶ್ರಾಂತಿಯಲ್ಲಿ, ಊಟದಲ್ಲಿ, ನಿದ್ದೆಯಲ್ಲಿ. ಅದಕ್ಕೆ ಬಿಡುವು ಕೊಡದೆ ಭಾರ ಹೇರುತ್ತಾ ಹೋದರೆ ವೇಗ ತಗ್ಗುತ್ತದೆ, ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತದೆ, ಮೊಣಕಾಲು ಊದಿಕೊಳ್ಳುತ್ತದೆ. ತಂಡ ಇನ್ನೊಂದು ಪಂದ್ಯ ಸೋಲುತ್ತದೆ, ಓಟ ಇನ್ನಷ್ಟು ಹೆಚ್ಚುತ್ತದೆ.

ದೊಡ್ಡ ತಂಡಗಳಿಗೂ ಈ ಪಾಠ ತಪ್ಪಲಿಲ್ಲ. ಜರ್ಮನಿಯ ಫೆಲಿಕ್ಸ್ ಮಾಗಾಟ್ ಕಠಿಣ ತರಬೇತಿಗೇ ಹೆಸರಾದ ಕೋಚ್. ಭಾರದ ಮೆಡಿಸಿನ್ ಬಾಲ್ ಹೊರಿಸುವುದು, ಗುಡ್ಡ ಹತ್ತಿಸುವುದು ಅವರ ಕ್ರಮ. 2009ರಲ್ಲಿ ಅವರು ವೋಲ್ಫ್ಸ್‌ಬರ್ಗ್ ತಂಡವನ್ನು ಜರ್ಮನಿಯ ಚಾಂಪಿಯನ್ ಮಾಡಿದ್ದು ನಿಜ. ಆದರೆ ಅದೇ ತಂಡಕ್ಕೆ ಮರಳಿ ಬಂದಾಗ, 2012ರ ಸೀಸನ್ನಿನ ಮೊದಲ 8 ಪಂದ್ಯಗಳಲ್ಲಿ ತಂಡ ಗಳಿಸಿದ್ದು ಬರೀ 5 ಪಾಯಿಂಟ್. ಪಟ್ಟಿಯ ತಳಕ್ಕಿಳಿದ ತಂಡವನ್ನು ಅವರು ಅಕ್ಟೋಬರ್‌ನಲ್ಲೇ ಬಿಡಬೇಕಾಯಿತು. 2014ರಲ್ಲಿ ಇಂಗ್ಲೆಂಡಿನ ಫುಲ್ಹಾಮ್ ತಂಡ ಅವರ ಕೈಕೆಳಗೆ ಹೊಸ ಸೀಸನ್ನಿನ ಮೊದಲ 7 ಪಂದ್ಯಗಳಲ್ಲಿ 1 ಪಾಯಿಂಟ್ ಗಳಿಸಿತು; ಸೆಪ್ಟೆಂಬರ್‌ನಲ್ಲಿ ಅಲ್ಲಿಂದಲೂ ಹೊರಟರು. ಒಮ್ಮೆ ಗೆಲ್ಲಿಸಿದ ಕಾಠಿಣ್ಯ ಸೋಲುತ್ತಿರುವ ತಂಡವನ್ನು ಮೇಲೆತ್ತಲಿಲ್ಲ.

ಹಾಗೆಂದು ಕೋಚ್‌ಗಳನ್ನು ಕಿತ್ತುಹಾಕಿ ಎಂದು ನಾವು ಕೇಳುತ್ತಿಲ್ಲ. ನಮ್ಮ ಬೆಂಗಳೂರು ಎಫ್‌ಸಿಯನ್ನೇ ನೋಡಿ. 2022–23ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಅದರ ಆರಂಭ ತೀರಾ ಕೆಟ್ಟದಾಗಿತ್ತು. ಕೋಚ್ ಸೈಮನ್ ಗ್ರೇಸನ್ ಅವರನ್ನು ಕ್ಲಬ್ ಉಳಿಸಿಕೊಂಡಿತು. ಅದೇ ತಂಡ ಲೀಗ್‌ನ ಕೊನೆಯ 8 ಪಂದ್ಯಗಳನ್ನು ಸತತವಾಗಿ ಗೆದ್ದು, 2023ರ ಮಾರ್ಚ್ 18ರಂದು ಗೋವಾದಲ್ಲಿ ಫೈನಲ್ ಆಡಿತು, ಸೋತದ್ದು ಪೆನಾಲ್ಟಿಯಲ್ಲಿ. ಮುಂದಿನ ಸೀಸನ್ನಿನಲ್ಲೂ ಆರಂಭ ಕೆಟ್ಟಿತು. ಆಗ ಡಿಸೆಂಬರ್‌ನಲ್ಲೇ ಕೋಚ್ ಬದಲಾದರು, ತಂಡ 12ರಲ್ಲಿ 10ನೇ ಸ್ಥಾನಕ್ಕೆ ನಿಂತಿತು. ಕೆಟ್ಟ ಆರಂಭವನ್ನು ದಾಟಬಹುದು. ಅದಕ್ಕೆ ಬೇಕಾದ್ದು ತಾಳ್ಮೆ.

ನಮ್ಮ ಆಟಗಾರರ ಬದುಕು ಆ ವೃತ್ತಿಪರರ ಬದುಕಲ್ಲ. ಶಿಡ್ಲಘಟ್ಟದ ಹುಡುಗ ಅಭ್ಯಾಸ ಮುಗಿಸಿ ರೇಷ್ಮೆ ರೀಲಿಂಗ್ ಘಟಕದಲ್ಲಿ ದಿನವಿಡೀ ನಿಲ್ಲಬೇಕು. ಚಿಂತಾಮಣಿಯವನು ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ ಎತ್ತಬೇಕು. ಗೌರಿಬಿದನೂರಿನವನಿಗೆ ಫ್ಯಾಕ್ಟರಿ ಶಿಫ್ಟ್, ಚಿಕ್ಕಬಳ್ಳಾಪುರದವನಿಗೆ ಹೂವಿನ ತೋಟದ ಕೆಲಸ. ಎಷ್ಟೋ ಮಕ್ಕಳು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ಆಗಲ್ಲ ಸರ್ ಎಂದು ಇಂಥವನು ಹೇಳಿದರೆ ಅದು ಉದ್ಧಟತನವಲ್ಲ. ತಂಡದ ಸ್ಥಿತಿ ಕೋಚ್‌ಗೆ ತಿಳಿಯುವ ದಾರಿ ಅದೊಂದೇ.

ಬಿಸಿಲಿನ ಮಾತನ್ನೂ ಹೇಳಲೇಬೇಕು. 2018ರ ಮೇ ತಿಂಗಳಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಜೋರ್ಡನ್ ಮೆಕ್‌ನೇರ್ ಎಂಬ 19ರ ಹರೆಯದ ಅಮೆರಿಕನ್ ಫುಟ್‌ಬಾಲ್ ಆಟಗಾರ ಓಟದ ಅಭ್ಯಾಸದ ನಡುವೆ ಮೈ ಬಿಸಿಯೇರಿ ಕುಸಿದ. ಅವನ ಮೈಯನ್ನು ತಕ್ಷಣ ತಣ್ಣೀರಿನಲ್ಲಿ ತಂಪು ಮಾಡಲಿಲ್ಲ. ಎರಡು ವಾರದಲ್ಲಿ ಹುಡುಗ ತೀರಿಕೊಂಡ. ವಿಶ್ವವಿದ್ಯಾಲಯ ಕೊನೆಗೆ ಹೊಣೆ ಒಪ್ಪಿಕೊಂಡಿತು, ಆದರೆ ತಾಯಿತಂದೆಗೆ ಮಗ ಸಿಗಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಸೋಲಿಗೆ, ತಪ್ಪಿಗೆ ಓಟವನ್ನಾಗಲಿ ಬಸ್ಕಿಯನ್ನಾಗಲಿ ಶಿಕ್ಷೆಯಾಗಿ ಕೊಡಬಾರದು.

2. ವಾರಕ್ಕೊಂದು ದಿನ ಪೂರ್ತಿ ರಜೆ. ಪಂದ್ಯದ ಮರುದಿನ ಹಗುರ ಅಭ್ಯಾಸ ಮಾತ್ರ.

3. ಮಕ್ಕಳಿಗೆ ವಾರದ ಅಭ್ಯಾಸದ ಗಂಟೆಗಳು ಅವರ ವಯಸ್ಸಿನ ಸಂಖ್ಯೆಯನ್ನು ಮೀರಬಾರದು. 12 ವರ್ಷದವನಿಗೆ ವಾರಕ್ಕೆ 12 ಗಂಟೆ, ಶಾಲಾ ತಂಡ ಮತ್ತು ಊರಿನ ತಂಡ ಎರಡೂ ಸೇರಿ.

4. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ 8ರೊಳಗೆ ಅಥವಾ ಸಂಜೆ 5ರ ನಂತರ ಅಭ್ಯಾಸ. ನಡುನಡುವೆ ನೀರು, ಅದೂ ಶುದ್ಧ ನೀರಿನ ಘಟಕದ್ದು. ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ಎಲ್ಲರಿಗೂ ಗೊತ್ತಿರುವುದೇ. ಯಾರಾದರೂ ತೂರಾಡಿದರೆ, ಅಸಂಬದ್ಧವಾಗಿ ಮಾತಾಡಿದರೆ ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯುತ್ತಲೇ 108ಕ್ಕೆ ಕರೆ ಮಾಡಬೇಕು.

5. ವಾರಕ್ಕೊಮ್ಮೆ ಕೋಚ್, ಕ್ಯಾಪ್ಟನ್ ಮತ್ತು ಇಬ್ಬರು ಆಟಗಾರರು ಕೂತು ಮಾತಾಡಬೇಕು. ಹೇಳಿದ್ದಕ್ಕೆ ಯಾರನ್ನೂ ಬೆಂಚಿಗೆ ಕೂರಿಸಬಾರದು.

ಆಟಗಾರರೇ, ನಿಮ್ಮ ಪಾಲಿನದೂ ಇದೆ. ಹೊತ್ತಿಗೆ ಸರಿಯಾಗಿ ಬನ್ನಿ. ಸೀಸನ್ ಇಲ್ಲದ ತಿಂಗಳುಗಳಲ್ಲೂ ಮೈಯನ್ನು ಹದವಾಗಿಟ್ಟುಕೊಳ್ಳಿ. ನೋವನ್ನು ಮುಚ್ಚಿಡಬೇಡಿ, ಇಲ್ಲದ ನೋವನ್ನು ಹೇಳಲೂಬೇಡಿ. ದೂರಿದ್ದರೆ ಟೀ ಅಂಗಡಿಗಿಂತ ಮೊದಲು ಕೋಚ್ ಮುಂದೆ ಹೇಳಿ. ಮೈದಾನದೊಳಗೆ ಕೊನೆಯ ಮಾತು ಅವರದೇ.

ಕೋಚ್‌ಗಳೇ, ಮೇಷ್ಟ್ರುಗಳೇ, ನಿಮ್ಮಲ್ಲಿ ಅನೇಕರು ಕೈಯಿಂದ ದುಡ್ಡು ಹಾಕಿ ತಂಡ ಕಟ್ಟಿದ್ದೀರಿ. ಸೋಲು ನಿಮಗೂ ನೋವು ಕೊಡುತ್ತದೆಂದು ನಾವು ಬಲ್ಲೆವು. ಆ ನೋವನ್ನು ಹುಡುಗರ ಕಾಲ ಮೇಲೆ ತೀರಿಸಬೇಡಿ. ಮುಂದಿನ ಸೋಲಿನ ಮರುದಿನ ಅವರನ್ನು ಸುತ್ತ ಕೂರಿಸಿಕೊಂಡು ಎಲ್ಲಿ ತಪ್ಪಿದೆವೆಂದು ಕೇಳಿ. ಆಮೇಲೆ ಚೆಂಡು ಹೊರಗೆ ತೆಗೆಯಿರಿ.

ಪೋಷಕರೇ, ಈ ಐದು ಬೇಡಿಕೆಗಳನ್ನು ನಿಮ್ಮ ಶಾಲೆ ಮತ್ತು ತಂಡದವರ ಮುಂದಿಟ್ಟು ಉತ್ತರ ಕೇಳಿ.

ಓದಿ, ಇನ್ನೊಬ್ಬರ ಕೈಗೆ ಕೊಡಿ.

ಇಂತಿ,
ನಾಲ್ಕೂ ತಾಲ್ಲೂಕಿನ ಫುಟ್‌ಬಾಲ್ ಪ್ರೇಮಿಗಳು