ಇಂಗ್ಲಿಷಿನ ತಪ್ಪುಗಳೂ ಮನೆಯ ಕನ್ನಡವೂ

ನಮ್ಮ ಬಾಲಿಕೆಯರು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳನ್ನು ಕಂಡು ತಂದೆತಾಯಿಗಳು ಕೊಡುವ ತೀರ್ಪು ಸಾಮಾನ್ಯವಾಗಿ ಎರಡೇ ಬಗೆಯದು: ಹುಡುಗಿಗೆ ಗಮನ ಸಾಲದು, ಇಲ್ಲವೆ ಮನೆಯಲ್ಲಿ ಕನ್ನಡ ಹೆಚ್ಚಾಯಿತು. ಎರಡನೆಯ ತೀರ್ಪನ್ನು ನಂಬಿ, ಮಕ್ಕಳೊಡನೆ ಕನ್ನಡವಾಡುವುದನ್ನೇ ನಿಲ್ಲಿಸಿದವರೂ ಉಂಟು. ಇದು ಸರಿಯಾದ ಚಿಕಿತ್ಸೆಯಲ್ಲವೆಂದು ವಾಚಕರಲ್ಲಿ ವಿನಯದಿಂದ ಅರಿಕೆ ಮಾಡುತ್ತೇನೆ.

ತಪ್ಪುಗಳನ್ನೇ ಸ್ವಲ್ಪ ಪರಿಶೀಲಿಸೋಣ. ನಮ್ಮ ‘ಕೇಳು’ ಎಂಬ ಒಂದು ಧಾತುವು ಎಷ್ಟು ಕೆಲಸವನ್ನು ಮಾಡುತ್ತದೆ! ಗಂಟೆಯ ಸದ್ದನ್ನು ಕೇಳುತ್ತೇವೆ, ಪಾಠವನ್ನು ಕೇಳುತ್ತೇವೆ, ಅಂಗಡಿಯಲ್ಲಿ ಬೆಲೆಯನ್ನು ಕೇಳುತ್ತೇವೆ, ಹಿರಿಯರ ಮಾತನ್ನೂ ಕೇಳುತ್ತೇವೆ. ಇಂಗ್ಲಿಷಿನವರು ಇವುಗಳಿಗೆ ಕ್ರಮವಾಗಿ ‘ಹಿಯರ್’, ‘ಲಿಸನ್’, ‘ಆಸ್ಕ್’, ‘ಒಬೇ’ ಎಂದು ನಾಲ್ಕು ಪದಗಳನ್ನಿಟ್ಟುಕೊಂಡಿದ್ದಾರೆ. ಅಷ್ಟೇ ಅಲ್ಲ, ನಾವು ‘ಪಾಠವನ್ನು’ ಎಂದು ದ್ವಿತೀಯಾ ವಿಭಕ್ತಿಯನ್ನು ಹಚ್ಚುವಲ್ಲಿ ಅವರ ‘ಲಿಸನ್’ ಪದವು ‘ಟು’ ಎಂಬುದನ್ನು ಬೇಡುತ್ತದೆ. ‘ಐ ಲಿಸನ್ಡ್ ದಿ ಲೆಸನ್’ ಎಂದು ಬರೆದವಳು ಅಲಕ್ಷ್ಯದವಳಲ್ಲ. ತನ್ನ ವಿಭಕ್ತಿಯನ್ನು ನಂಬಿದವಳು. ಪಾಠದ ಕುರಿತು ಚರ್ಚಿಸಿದೆವು ಎಂಬ ಶುದ್ಧ ಕನ್ನಡವೇ ‘ಡಿಸ್ಕಸ್ಡ್ ಅಬೌಟ್’ ಎಂಬ ತಪ್ಪಾಗುತ್ತದೆ. ‘ನೋಡು’, ‘ಹೇಳು’ಗಳ ಕಥೆಯೂ ಹೀಗೆಯೇ.

ತಾಯಿಯವರು ಬಂದರೆಂಬುದನ್ನು ‘ದೇ ಕೇಮ್’ ಎಂದು ಬರೆಯುವ ಮಗುವಿಗಾದರೋ ಕೆಂಪು ಶಾಯಿ ಹಚ್ಚಲು ನನಗೆ ಕೈಯೇ ಬಾರದು. ಆ ಬಹುವಚನದಲ್ಲಿರುವುದು ಅಜ್ಞಾನವಲ್ಲ, ಮರ್ಯಾದೆ. ಆದರೂ ತಿದ್ದಲೇಬೇಕು, ಕಾರಣವನ್ನು ಹೇಳಿ ತಿದ್ದಬೇಕು.

‘ಎ’, ‘ದಿ’ ಎಂಬ ಎರಡು ಪುಟ್ಟ ಪದಗಳು ಎಲ್ಲಕ್ಕಿಂತ ಹೆಚ್ಚು ಕಾಡುತ್ತವೆ. ಕನ್ನಡದಲ್ಲಿ ಇಂಥವಿಲ್ಲವೆಂದು ಹೇಳಿ ಕೈಬಿಡುವುದು ವಾಡಿಕೆ. ಆದರೆ ‘ಪುಸ್ತಕ ತಾ’ ಎಂದರೆ ಯಾವುದಾದರೊಂದು ಪುಸ್ತಕ. ‘ಪುಸ್ತಕವನ್ನು ತಾ’ ಎಂದರೆ ಬಹುಮಟ್ಟಿಗೆ ನಮಗಿಬ್ಬರಿಗೂ ಗೊತ್ತಿರುವ ಆ ಪುಸ್ತಕ. ಭೇದವನ್ನು ಹುಡುಗಿಯು ಬಲ್ಲಳು. ಬಲ್ಲಳೆಂಬುದನ್ನು ಆಕೆಗೆ ತೋರಿಸಿಕೊಟ್ಟವರು ವಿರಳ.

ಮಂಗಳೂರಿನ ಬಾಸೆಲ್ ಮಿಶನ್ನಿನ ಕಿಟ್ಟೆಲರು ೧೮೯೪ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ೧೯೦೩ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನೂ ಪ್ರಕಟಿಸಿದರು. ಜರ್ಮನ್ ನುಡಿಯಲ್ಲಿ ಹುಟ್ಟಿ ಬೆಳೆದವರು ಎರಡು ಪರಭಾಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡಿದರು. ನಮ್ಮ ತರಗತಿಗಳಲ್ಲಿ ಆ ತಕ್ಕಡಿಯ ಒಂದು ತಟ್ಟೆಯನ್ನು ಕಿತ್ತಿಟ್ಟಿದ್ದೇವೆ. ತಪ್ಪು–ಒಪ್ಪುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಿಂದ ‘ಪ್ರಿನ್ಸಿಪಲ್’ ಎಂಬ ಒಂದೇ ಉಚ್ಚಾರದ ಎರಡು ಪದಗಳ ಕಾಗುಣಿತ ಬಂದೀತು (ಅದರಲ್ಲಿ ಇಂಗ್ಲಿಷರೇ ಎಡವುತ್ತಾರೆ), ವಾಕ್ಯರಚನೆಯು ಬಾರದು.

ನಷ್ಟವು ಅಂಕಗಳದ್ದು ಮಾತ್ರವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಗುವವರ ಭಯದಿಂದ ಬಾಯಿ ಕಟ್ಟಿದ ಹುಡುಗಿಯು ಕಾಲೇಜಿನಲ್ಲಿ ಉತ್ತರ ತಿಳಿದಿದ್ದರೂ ಸುಮ್ಮನೆ ಕುಳಿತಿರುತ್ತಾಳೆ. ಮನೆಯಲ್ಲಿ ಕನ್ನಡವನ್ನೂ ಬಿಡಿಸಿದರೆ, ಅಜ್ಜಿಯೊಡನೆ ಮನಬಿಚ್ಚಿ ಆಡುವ ಮಾತಿಗೂ ಕೊರತೆಯಾಗುತ್ತದೆ.

ಆದುದರಿಂದ ಉಪಾಧ್ಯಾಯಿನಿಯರಲ್ಲಿ ನನ್ನ ಬಿನ್ನಹವಿಷ್ಟೆ: ತಪ್ಪಾದ ವಾಕ್ಯದ ಪಕ್ಕದಲ್ಲಿ, ಅವಳ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯವನ್ನು ಅವಳಿಂದಲೇ ಬರೆಯಿಸಿರಿ, ವಿಭಕ್ತಿಯನ್ನು ಗುರುತಿಸಲು ಹೇಳಿರಿ, ಬಳಿಕ ಇಂಗ್ಲಿಷನ್ನು ತಿದ್ದಿರಿ. ಹಳೆಯ ವಿದ್ಯಾರ್ಥಿನಿಯರಾದ ತಾಯಂದಿರು ಸಂಜೆಯ ಹೊತ್ತು ಕನ್ನಡ ಪುಸ್ತಕವೊಂದರ ಎರಡು ಪುಟಗಳನ್ನು ಮಗಳಿಂದ ಗಟ್ಟಿಯಾಗಿ ಓದಿಸಿರಿ. ಮಾರನೆಯ ದಿನದ ಇಂಗ್ಲಿಷ್ ಪಾಠಕ್ಕೆ ಅದರಿಂದ ಅಡ್ಡಿಯೇನೂ ಆಗದು.