ಒಂದೇ ಒತ್ತಿಗೆ ಇಡೀ ಅಕ್ಷರ
ಕರಾವಳಿಯ ಯಡ್ತರೆಯಿಂದ ಕೋರ್ಟಿನ ಕೆಲಸ ಅರಸಿ ಹೊರಡುವ ಮಕ್ಕಳಿಗೆ ಬೆರಳಚ್ಚು ಬೇರೆ, ಶೀಘ್ರಲಿಪಿ ಬೇರೆ ವಿದ್ಯೆ. ಪೆನ್ಸಿಲ್ಲಿನಲ್ಲಿ ಗೀಚಿದ್ದನ್ನು ಆಮೇಲೆ ಟೈಪ್ ಮಾಡಬೇಕು. ಶೀಘ್ರಲಿಪಿಯನ್ನೇ ಯಂತ್ರಕ್ಕಿಳಿಸಲು ಹೊರಟ ಅಮೆರಿಕದ ಮೈಲ್ಸ್ ಬಾರ್ತಲೋಮ್ಯೂ 1879ರಲ್ಲಿ ಪೇಟೆಂಟ್ ಪಡೆದ. ಮುಂದೆ ಬಂದ ಸ್ಟೆನೋಟೈಪ್ ಎಂಬ ಶೀಘ್ರಲಿಪಿ ಯಂತ್ರದಲ್ಲಿ ಎಡಗೈ ಬೆರಳುಗಳು ಮೊದಲ ವ್ಯಂಜನ, ಹೆಬ್ಬೆರಳುಗಳು ಸ್ವರ, ಬಲಗೈ ಬೆರಳುಗಳು ಕೊನೆಯ ವ್ಯಂಜನ ಹಿಡಿಯುತ್ತವೆ; ಎಲ್ಲವನ್ನೂ ಒಟ್ಟಿಗೇ ಒತ್ತಿದರೆ ಕಾಗದದ ಪಟ್ಟಿಯ ಮೇಲೆ ಇಡೀ ಉಚ್ಚಾರ ಒಂದೇ ಸಾಲಾಗಿ ಮೂಡುತ್ತದೆ. ಕಾಗುಣಿತ ಬಲ್ಲ ನಮಗೆ ಇದು ಪರಕೀಯವಲ್ಲ: ವ್ಯಂಜನಕ್ಕೆ ಸ್ವರ ಕೂಡಿಸಿಯೇ ನಾವು ಅಕ್ಷರ ಕಲಿತವರು. ಕರಾವಳಿಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್ ಕಂಪ್ಯೂಟರಿಗೆ ಕನ್ನಡದ ಉಚ್ಚಾರ ಅನುಸರಿಸುವ ಕೀಲಿಮಣೆ ಕೊಟ್ಟರು. ಇನ್ನು ಸ್ಟೆನೋಟೈಪಿನಂತೆ ಒಂದೇ ಒತ್ತಿಗೆ ‘ಸ್ತ್ರೀ’ ಮೂಡಿಸುವ ಕೀಲಿಮಣೆಯೂ ನಮಗೆ ಬೇಕು, ಸಾಕ್ಷಿದಾರರು ಕುಂದಾಪ್ರ ಕನ್ನಡದಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಲು.