ಹೊಳಿ ನುಂಗಿತು ಅನ್ಬ್ಯಾಡ್ರಿ

ಬಾಗಲಕೋಟೆ ಕಡೆಯವರು ಬೇರೆ ಊರಲ್ಲಿ ಪರಿಚಯ ಹೇಳ್ಕೊಳ್ಳೋದೇ ಹೀಗೆ: “ನಮ್ದು ಮುಳುಗಿದ ಊರ್ರಿ, ಹೊಳಿ ನುಂಗಿತು.” ನಾನೂ ಎಷ್ಟೋ ಸಲ ಹಾಗೇ ಅಂದಿದ್ದೀನಿ. ಮೊನ್ನೆ ಕಲಾದಗಿಯಿಂದ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹುಡುಗನೊಬ್ಬ, “ಘಟಪ್ರಭಾಕ್ಕ ಅಷ್ಟು ದೊಡ್ಡ ಮಹಾಪೂರ ಯಾವಾಗ ಬಂದಿತ್ರಿ?” ಅಂತ ಕೇಳಿಬಿಟ್ಟ. ತಕ್ಷಣ ಉತ್ತರ ಹೊಳೀಲಿಲ್ಲ. ಆ ಊರು ಮುಳುಗಿದ್ದು ಮಹಾಪೂರದಿಂದ ಅಲ್ಲವೇ ಅಲ್ಲವಲ್ಲ!

ನೋಡಿ, ಬಾಗಲಕೋಟೆಯನ್ನು ಸಾಕಿದ್ದೇ ಈ ಹೊಳೆ. ಎರೆಹೊಲ, ಹತ್ತಿ, ನೇಕಾರರು, ಪೇಟೆ ಎಲ್ಲಾ ಇದರ ದಂಡೆಯ ಆಸುಪಾಸಲ್ಲೇ ಬೆಳೆದದ್ದು. (ಇದೇ ಹೊಳೆದಂಡೆಯ ನಮ್ಮ ಕಲಾದಗಿ ಒಂದು ಕಾಲಕ್ಕೆ ಜಿಲ್ಲಾ ಕೇಂದ್ರ. 1880ರ ದಶಕದಲ್ಲಿ ಕಚೇರಿ ವಿಜಾಪುರಕ್ಕೆ ಹೋಯ್ತು. ಹೊಳೆ ಇದ್ದಲ್ಲೇ ಇತ್ತು.)

ಆಲಮಟ್ಟಿ ಅಣೆಕಟ್ಟು ಕಟ್ಟಿದ್ದು ಕೃಷ್ಣೆಗೆ, ಘಟಪ್ರಭೆಗಲ್ಲ. ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತೆ. ಮುಂದೆ ಗೋಡೆ ಎದ್ದ ಮೇಲೆ ನೀರು ಹಿಂದಕ್ಕೆ ಸರಿದು ಊರೊಳಗೆ ನಿಂತಿತು. ಅಡಿಗಲ್ಲು ಹಾಕಿದ್ದು 1964ರ ಮೇ ತಿಂಗಳಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರು. 2000ದಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರಿಗೆ ಒಪ್ಪಿತು. ಇಷ್ಟು ಎತ್ತರ ಅಂತ ಕಾಗದದಲ್ಲಿ ಬರೆದು, ಸಹಿ ಮಾಡಿ ನಿಲ್ಲಿಸಿದ ನೀರು ಅದು. ಪಾಪ, ಹೊಳೆಗೇನು ಗೊತ್ತು ಮೀಟರು?

ನಾನೇನು ಅಣೆಕಟ್ಟಿನ ವಿರೋಧಿಯಲ್ಲ. ವಿಜಯಪುರದ ಒಣಹೊಲಗಳಿಗೆ ನೀರು ಹೋಗಿದ್ದು ಇದರಿಂದಲೇ. ನವನಗರದ ರಸ್ತೆಗಳೂ ಅಗಲವಾಗೇ ಇವೆ. ಆದರೆ ಕಿಲ್ಲಾ, ಜೈನಪೇಟೆ, ವೆಂಕಟಪೇಟೆ ಅಂತ ವಿಳಾಸ ಹೇಳ್ತಿದ್ದ ಮಂದಿಯ ಊರಲ್ಲಿ ಈಗ ಸೆಕ್ಟರ್ ನಂಬರ್ ಹೇಳಬೇಕು. ಹೋಳಿಗೆ ಹಲಗಿ ಸಪ್ಪಳ ಕೇಳಬೇಕಂದ್ರೆ ಮಾತ್ರ ಹಳೇ ಊರೇ ಆಗಬೇಕು :-)

ಇದನ್ನೆಲ್ಲಾ ಈಗ್ಯಾಕೆ ಕೆದಕ್ತೀನಿ ಅಂದ್ರೆ, ಕಥೆ ಇನ್ನೂ ಮುಗಿದಿಲ್ಲ. 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಾಧಿಕರಣ 524.256 ಮೀಟರಿಗೆ ಅಸ್ತು ಅಂದಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ ಅಂತ ದರ ನಿಗದಿ ಮಾಡಿತು. ಆ ಮಟ್ಟಕ್ಕೆ ನೀರು ನಿಂತರೆ ಇನ್ನಷ್ಟು ಹಳ್ಳಿಗಳು, ಬಾಗಲಕೋಟೆಯ ಇನ್ನಷ್ಟು ಓಣಿಗಳು ನೀರಿಗೆ. ಆಗಲೂ ‘ಹೊಳಿ ನುಂಗಿತು’ ಅಂತ ಕೂತರೆ, ದುಡ್ಡು ಯಾವಾಗ ಕೊಡ್ತಿ, ಮನೆ ಎಲ್ಲಿ ಕೊಡ್ತಿ ಅಂತ ಹೊಳೆಯನ್ನು ಕೇಳೋಕಾಗುತ್ತಾ?

ಆ ಹುಡುಗ ಮತ್ತೆ ಸಿಕ್ಕರೆ ಚಿಕ್ಕಸಂಗಮದಿಂದಲೇ ಶುರು ಮಾಡಿ ಹೇಳಬೇಕು. ಅವನ ಹಳ್ಳಿಯೂ 524ರ ಪಟ್ಟಿಯಲ್ಲಿದೆಯಂತೆ.